ಗಡಿಯಾರದ ಸಿನಿಮಾ, ಕೈಗವಸಿನ ಸಿನಿಮಾ

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅಪ್ಪ ಕೈಗವಸಿನ ಪಕ್ಷ, ನಾನು ಗಡಿಯಾರದ ಪಕ್ಷ. ಅವ್ವ ತಟಸ್ಥಳು. ಅಕ್ಕ ಎರಡರ ಗೊಡವೆಗೂ ಹೋಗದೆ ಬೆಳೆದಳು, ಆದರೆ ಈ ಜಗಳದ ಬಿಸಿ ಕೊನೆಗೆ ತಟ್ಟಿದ್ದು ಅವಳಿಗೆ.

ಎರಡೂ ಹಳೆಯ ಹಿಂದಿ ಸಿನಿಮಾಗಳು. ಎರಡರಲ್ಲೂ ಒಬ್ಬ ಸರಣಿ ಕೊಲೆಗಾರ. ಹೆಸರು ಹೇಳುವುದಿಲ್ಲ, ಯಾಕೆಂದರೆ ಎರಡರ ಕೊನೆಯನ್ನೂ ಇಲ್ಲಿ ಬಿಟ್ಟುಕೊಡಲಿದ್ದೇನೆ. ನೋಡದವರ ಶಾಪ ನನಗೆ ಬೇಡ.

ಗಡಿಯಾರದ ಸಿನಿಮಾದಲ್ಲಿ ಕೊಲೆಗಾರ ಯಾರೆಂದು ಮೊದಲ ದೃಶ್ಯದಲ್ಲೇ ಗೊತ್ತು. ಕೈಗಡಿಯಾರ ರಿಪೇರಿ ಮಾಡುವ, ಕನ್ನಡಕದ, ಮೆಲುದನಿಯ ಮನುಷ್ಯ. ಮಕ್ಕಳಿಗೆ ಪೆಪ್ಪರ್‌ಮಿಂಟ್ ಕೊಡುತ್ತಾನೆ, ಸಂಜೆ ಕೊಲೆ ಮಾಡುತ್ತಾನೆ. ಯಾರು ಎಂಬ ಪ್ರಶ್ನೆಯೇ ಇಲ್ಲ, ಯಾವಾಗ ಸಿಗುತ್ತಾನೆ ಎಂಬುದಷ್ಟೇ ಪ್ರಶ್ನೆ. ಕೈಗವಸಿನ ಸಿನಿಮಾದಲ್ಲಿ ನಮಗೆ ಕಾಣುವುದು ಎರಡು ಕರಿಯ ಕೈಗವಸು ಮಾತ್ರ. ಮುಖವಿಲ್ಲ, ಮಾತಿಲ್ಲ. ಅವನನ್ನು ಹುಡುಕುತ್ತ ಹುಡುಕುತ್ತ ಒಬ್ಬ ಇನ್‌ಸ್ಪೆಕ್ಟರ್ ಮುದುಕನಾಗುತ್ತಾನೆ.

ಗಡಿಯಾರದ್ದನ್ನು ನಾನು ಕೇಬಲ್ ಟೀವಿಯಲ್ಲಿ ಕಣ್ಣಾರೆ ನೋಡಿದ್ದೆ. ಕೈಗವಸಿನದನ್ನು ನೋಡಿರಲಿಲ್ಲ, ಕೇಳಿದ್ದೆ. ಮೂಡಲಗಿಯಲ್ಲಿ ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟ ರೈತರು ಸುತ್ತಲಿನ ಹಳ್ಳಿಗಳಿಂದ ಮೋಟರು ಹೊತ್ತು ತಂದು, ಅದು ಸಿದ್ಧವಾಗುವವರೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದರು. ತಾಮ್ರದ ತಂತಿ ಸುತ್ತುತ್ತ ಅಪ್ಪ ಅವರಿಗೆ ಸಿನಿಮಾ ಹೇಳುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಅದೇ ಬೆಂಚಿನ ತುದಿಗೆ. ತಂತಿಯ ಸುತ್ತು ಬಿಗಿಯಾದಂತೆ ಕತೆಯೂ ಬಿಗಿಯಾಗುತ್ತಿತ್ತು. ಸುತ್ತಿದ ತಂತಿಗೆ ಬಳಿಯುವ ವಾರ್ನಿಶ್ ವಾಸನೆ ಬಂದರೆ ಇವತ್ತಿಗೂ ನನಗೆ ಯಾರೋ ಬೆನ್ನ ಹಿಂದೆ ನಿಂತಂತಾಗುತ್ತದೆ.

ಅಪ್ಪ ಕೊನೆಯ ದೃಶ್ಯಕ್ಕೆ ಬಂದಾಗ ಕೈ ನಿಲ್ಲಿಸುತ್ತಿದ್ದ. "ರೇಲ್ವೆ ಸ್ಟೇಶನ್ನು. ಇನ್‌ಸ್ಪೆಕ್ಟರ್ ದಣದಾನ. ಬಾಕಿನ ಮ್ಯಾಲೆ ಕುಂತಾನ, ಟೋಪಿ ಬಾಜೂಕ ಇಟ್ಟಾನ. ಗಾಡಿ ಬಿಟ್ಟೈತಿ. ಒಂದ ಡಬ್ಬಿ ಹೋತು, ಎರಡ ಡಬ್ಬಿ ಹೋತು. ಮೂರನೇ ಡಬ್ಬಿ ಕಿಡಕ್ಯಾಗ ಒಂದ ಕೈ. ಕರೇ ಕೈಗವಸು. ಇನ್‌ಸ್ಪೆಕ್ಟರ್ ತಲಿ ಎತ್ತಿ ನೋಡ್ತಾನ. ಏಳಂಗಿಲ್ಲ. ಗಾಡಿ ಹೋತು. ಶುಭಂ."

ಬೆಂಚಿನವರು ಉಸಿರು ಬಿಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ.

"ಅಪ್ಪಾ, ಕೊಲಿ ಮಾಡಿದಾಂವ ಯಾರಂತನ ಗೊತ್ತಾಗಲಿಲ್ಲಂದ್ರ ಅದೆಂಥಾ ಸಿನಿಮಾ? ಗಡಿಯಾರದಾಂವನ್ನ ನೋಡು, ಅಂವಾ ಸಿಗೂ ಮುಂದ ಅಳು ಬರತೈತಿ."

"ಅದಕ್ಕ ಅದು ಸಣ್ಣ ಸಿನಿಮಾ. ಅಳಸೂದು ಸಸಾರ. ನಂದ ನೋಡು, ಮನಿಗಿ ಬಂದ ಮ್ಯಾಲೂ ಅಂವಾ ತಿರಗ್ಯಾಡಾಕತ್ತಿರತಾನ."

"ಹೆದರ್ಸೂದು ಅದಕ್ಕಿಂತ ಸಸಾರ."

"ಈಕಿಗೆ ವಕೀಲಕಿ ಮಾಡ್ರಿ," ಎಂದು ಬೆಂಚಿನ ಮೇಲಿದ್ದವರೊಬ್ಬರು ಹೇಳುತ್ತಿದ್ದರು. ವಕೀಲೆಯಾಗಲಿಲ್ಲ. ಗೋಕಾಕದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡಕ್ಕೆ ಸೇರಿದೆ. ಅಲ್ಲಿ ಕಲಿತ ಮೊದಲ ಪಾಠ, ಪುರಾವೆ ನೋಡದೆ ಬಾಯಿ ತೆಗೆಯಬೇಡ ಎಂಬುದು. ಎರಡನೆಯದು, ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ನೀನೇ ಹೇಳಿ ನೋಡು ಎಂಬುದು. ಎರಡನೆಯದನ್ನು ಪಾಲಿಸಿದೆ. ಅಪ್ಪನ ಕೈಗವಸಿನ ಪರವಾಗಿ ವೇದಿಕೆಯ ಮೇಲೆ ಮಾತಾಡಿ ಗೆದ್ದೂ ಬಂದೆ: ಕೊಲೆಗಾರನಿಗೆ ಮುಖ ಕೊಟ್ಟರೆ ನಾವು ಅವನನ್ನು ಮನೆಯ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತೇವೆ, ಮುಖ ಕೊಡದಿದ್ದರೆ ಒಳಗೇ ಹುಡುಕುತ್ತೇವೆ, ಎಂದೆಲ್ಲ. ಮೊದಲ ಪಾಠ ನೆನಪಾಗಲೇ ಇಲ್ಲ. ಹಿಂದಿ ಸಿನಿಮಾದ ಕೊನೆಗೆ ಕನ್ನಡದ ಶುಭಂ ಹೇಗೆ ಬಂತು ಎಂದು, ಎಲ್ಲವನ್ನೂ ಪ್ರಶ್ನಿಸುವ ನಾನು, ಒಮ್ಮೆಯೂ ಕೇಳಲಿಲ್ಲ. ಅಪ್ಪ ಹೇಳುವಾಗ ಆ ಅಕ್ಷರಗಳು ನನಗೆ ಕಣ್ಣಿಗೆ ಕಟ್ಟುತ್ತಿದ್ದವು. ಕಣ್ಣಿಗೆ ಕಟ್ಟಿದ್ದನ್ನು ಪುರಾವೆ ಎಂದುಕೊಂಡಿದ್ದೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳು ಗೋಕಾಕದಲ್ಲಿ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬಾಡಿಗೆಯ ಒಂದು ಕೋಣೆಯಲ್ಲಿ ನಾವಿಬ್ಬರೂ ಇರುತ್ತಿದ್ದೆವು. ಹುಕ್ಕೇರಿಯ ಹುಡುಗನೊಬ್ಬ ಗೋಕಾಕದ ಕೋರ್ಟಿನಲ್ಲಿ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಅವನಿಗೆ ಪದೇಪದೇ ತಲೆನೋವು ಬರತೊಡಗಿತು, ಗುಳಿಗೆಗೆ ಪದೇಪದೇ ಅದೇ ಅಂಗಡಿಗೆ ಬರತೊಡಗಿದ. ಒಂದು ಭಾನುವಾರ ಅಕ್ಕ ನನ್ನನ್ನು ಗೋಕಾಕ ಫಾಲ್ಸ್‌ಗೆ ಕರೆದೊಯ್ದಳು. ತೂಗುಸೇತುವೆಯ ಮೇಲೆ ಅವನೂ ಅಕಸ್ಮಾತ್ತಾಗಿ ಇದ್ದ. ಅವರಿಬ್ಬರೂ ನೀರು ನೋಡಿದರು, ನಾನು ಹಳೆಯ ಗಿರಣಿಯ ಗೋಡೆ ನೋಡಿದೆ. ವಾಪಸು ಬರುವಾಗ ಅಕ್ಕ ಹೇಳಿದಳು: "ಇದೊಂದ ಆಗಬೇಕಲೇ ನನಗ. ಇದ ಆಗಲಿಲ್ಲಂದ್ರ ನಾ ಬ್ಯಾರೆ ಯಾರ ಮುಂದೂ ಚಹಾದ ತಟ್ಟಿ ಹಿಡಕೊಂಡ ನಿಂದ್ರಂಗಿಲ್ಲ." ಹೆಚ್ಚು ಮಾತಾಡದ ಅಕ್ಕ ಹಾಗೆ ಹೇಳಿದರೆ ಅದು ಮುಗಿದ ಮಾತು.

ಅಕ್ಕ ಮತ್ತು ಆ ಹುಡುಗನೇ ಹೂಡಿದ ಉಪಾಯದಂತೆ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಮಧ್ಯೆ ನಿಂತು, ಹುಡುಗ ಅಕ್ಕನನ್ನು ಮೊದಲ ಸಲ ನೋಡುತ್ತಿರುವಂತೆ, ಹುಕ್ಕೇರಿಯವರು ಹೆಣ್ಣು ನೋಡಲು ಮೂಡಲಗಿಗೆ ಬಂದರು. ಹುಡುಗನ ತಂದೆ ನಿವೃತ್ತ ಪಿ.ಟಿ. ಮಾಸ್ತರರು. ಬೆನ್ನು ನೆಟ್ಟಗೆ, ಮೀಸೆ ನೆಟ್ಟಗೆ, ಚಪ್ಪಲಿ ಬಿಟ್ಟದ್ದೂ ಸಾಲಾಗಿ ನೆಟ್ಟಗೆ. ಅವ್ವ ಬೆಳಗ್ಗೆಯೇ ನನಗೆ ಎಚ್ಚರಿಕೆ ಕೊಟ್ಟಿದ್ದಳು: "ಒಂದ ದಿವಸ ನಿನ್ನ ಬಾಯಿ ಬಂದ್ ಇಡವಾ. ಪುಣ್ಯಾ ಬರತೈತಿ." ಬಂದ್ ಇಟ್ಟೆ. ಬಂದ್ ಇಡಬೇಕಿದ್ದ ಬಾಯಿ ಬೇರೆಯದಿತ್ತು.

ಉಪ್ಪಿಟ್ಟು ಆಯಿತು. ಹೊಲ ಎಲ್ಲಿ, ನೀರಾವರಿಯೋ ಒಣಭೂಮಿಯೋ, ಯಾರು ಯಾರಿಗೆ ಬೀಗರು, ಎಲ್ಲ ಆಯಿತು. ಅಕ್ಕ ಚಹಾ ಕೊಟ್ಟು ಒಳಗೆ ಹೋದಳು. ಎಲ್ಲ ಸುಸೂತ್ರ. ಆಗ ಮಾಸ್ತರರು, ಮಾತಿಗೆ ಮಾತು ಬೇಕಲ್ಲ ಎಂದು, "ನಿಮ್ಮ ಮೂಡಲಗ್ಯಾಗ ಮೊದಲ ಒಂದ ವೀಡಿಯೋ ಟಾಕೀಜ ಇತ್ತಲ್ರಿ?" ಎಂದರು.

ಅಪ್ಪನಿಗೆ ಅಷ್ಟು ಸಾಕು. "ಇತ್ತರಿ! ಅಲ್ಲೇ ಅಲ್ರಿ ನಾ ಕೈಗವಸಿನ ಸಿನಿಮಾ ನೋಡಿದ್ದು."

"ಹೌದಾ? ನಾ ಹುಕ್ಕೇರ್ಯಾಗ ನೋಡೇನಿ. ಟೆಂಟಿನ್ಯಾಗ ಬಂದಿತ್ತು."

ಒಂದೇ ಸಿನಿಮಾ ನೋಡಿದ ಇಬ್ಬರು ಸಿಕ್ಕರೆ ಸಂಬಂಧ ಗಟ್ಟಿಯಾದಂತೆಯೇ. ಬಾಗಿಲ ಸಂದಿಯಲ್ಲಿ ಅಕ್ಕ ನನ್ನ ಕೈ ಹಿಚುಕಿದಳು. ಹೊರಗೆ ಅಪ್ಪ, "ಮಾಸ್ತರ್ರ, ಕೊನಿ ನೋಡ್ರಿ. ಕೊಲಿಗಾರ ಸಿಗಂಗನ ಇಲ್ಲ. ಎಂಥಾ ಕೊನಿ!" ಎಂದ.

"ಸಿಗಂಗಿಲ್ಲಂದ್ರ ಹೆಂಗ್ರಿ? ಸಿಗತಾನಲ್ರಿ."

"ಇಲ್ರಿ."

"ಬೇಡಿ ಹಾಕ್ತಾನಲ್ರಿ ಇನ್‌ಸ್ಪೆಕ್ಟರ್! ರೇಲ್ವೇದಾಗ ಬಡದಾಡಿ ಹಿಡೀತಾನ. ಕೊಲಿ ಮಾಡಿದಾಂವ ಆ ಡಾಕ್ಟರ್."

"ಯಾವ ಡಾಕ್ಟರ್ರಿ? ನಾ ಮೂರ ಸಲ ನೋಡೇನಿ."

"ಮೂರೂ ಸಲ ನಿದ್ದಿ ಹತ್ತಿರಬೇಕು ನಿಮಗ."

ಮಾಸ್ತರರು ನಕ್ಕೇ ಹೇಳಿದ್ದು. ಆದರೆ ಅಪ್ಪನಿಗೆ ಆ ಕೊನೆಯೆಂದರೆ ಬರೀ ಸಿನಿಮಾದ ಕೊನೆಯಲ್ಲ. ಅರ್ಧ ತಾಲೂಕಿನ ರೈತರನ್ನು ಬೆಂಚಿನ ಮೇಲೆ ಹಿಡಿದು ಕೂರಿಸಿದ್ದ ಕೊನೆ ಅದು. ಅಪ್ಪ ಲೋಟ ಕೆಳಗಿಟ್ಟ. "ನಾ ಎಚ್ಚರಾಗಿದ್ದೆ. ನೀವ ಬ್ಯಾರೆ ಸಿನಿಮಾ ನೋಡಿ ಇದರ ಹೆಸರ ಹೇಳಾಕತ್ತೀರಿ."

"ಅಂದ್ರ ನಾ ಸುಳ್ಳ ಹೇಳ್ತೇನಂತ?"

"ನಾ ಹಂಗ ಅಂದಿಲ್ಲ. ಸಿನಿಮಾ ಹಂಗಿಲ್ಲ ಅಂದೆ."

ಮಾಸ್ತರರ ಮೀಸೆ ಇನ್ನಷ್ಟು ನೆಟ್ಟಗಾಯಿತು. "ಮೂವತ್ತ ವರ್ಷ ಹುಡುಗೂರಿಗೆ ಶಿಸ್ತ ಕಲಿಸೇನ್ರಿ ನಾ. ಕೊಲಿ ಮಾಡಿದಾಂವ ಆರಾಮ ಗಾಡಿ ಹತ್ತಿ ಹೋಗೂ ಸಿನಿಮಾನ ಚಲೋ ಅನ್ನೂ ಮನಿತನಾ ನಾ ಎಲ್ಲೂ ನೋಡಿಲ್ಲ." ಅಷ್ಟು ಹೇಳಿ ಎದ್ದರು. ಹುಡುಗ ಬೆವರುತ್ತಿದ್ದ. ಮಾಸ್ತರರು ಸಾಲಾಗಿಟ್ಟ ಚಪ್ಪಲಿ ಮೆಟ್ಟಿ, "ಹೇಳಿ ಕಳಸ್ತೇವಿ" ಎಂದರು. ನಮ್ಮ ಕಡೆ ಹೇಳಿ ಕಳಿಸುತ್ತೇವೆ ಎಂದರೆ ಹೇಳಿಯೂ ಕಳಿಸುವುದಿಲ್ಲ, ಬಂದೂ ಹೇಳುವುದಿಲ್ಲ ಎಂದರ್ಥ.

ಅಕ್ಕ ಅಳಲಿಲ್ಲ. ಅಪ್ಪನ ಮೇಲೆ ಕೂಗಾಡಲೂ ಇಲ್ಲ. ಮರುದಿನ ಗೋಕಾಕದ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, "ನೀ ವಾದಾ ಮಾಡಾಕ ಕಲತೀದಿ ಅಲ್ಲ, ಆ ಸಿನಿಮಾ ಹುಡುಕು. ಯಾರದು ಖರೆ ಅಂತ ನನಗ ಹೇಳು. ಆಮ್ಯಾಲೆ ಏನ ಮಾಡಬೇಕು ನಾ ನೋಡ್ತೇನಿ," ಎಂದಳು.

ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಮಸುಕುಮಸುಕಾಗಿ ಸಿಕ್ಕಿತು. ಭಾನುವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ, ಲ್ಯಾಪ್‌ಟಾಪನ್ನು ಅಕ್ಕಿಡಬ್ಬಿಯ ಮೇಲಿಟ್ಟು ಇಬ್ಬರೂ ನೋಡಲು ಕೂತೆವು. ಒಂದು ವಿಚಿತ್ರ ಹೇಳುತ್ತೇನೆ. ಮೊದಲ ಸಲ ನೋಡುತ್ತಿದ್ದರೂ ನನಗೆ ಅದು ಮರುಭೇಟಿ. ಪ್ರತಿ ತಿರುವಿನಲ್ಲೂ ಅಪ್ಪನ ದನಿ ಕೇಳುತ್ತಿತ್ತು. ಅಪ್ಪ ಹೇಳುತ್ತಿದ್ದ ಮಳೆ ಇಲ್ಲಿ ಸಣ್ಣದು, ಅಪ್ಪ ಹೇಳುತ್ತಿದ್ದ ಓಣಿ ಇಲ್ಲಿ ಅಗಲ. ಆದರೂ ಅಪ್ಪ ಎಲ್ಲೂ ಸುಳ್ಳು ಹೇಳಿರಲಿಲ್ಲ. ಹಿಂದಿನದೆಲ್ಲ ಚಂದವಿತ್ತು ಎನ್ನುವವರನ್ನು ನಾನು ನಂಬುವವಳಲ್ಲ. ಆ ಮಧ್ಯಾಹ್ನ ಮಾತ್ರ ವೈಂಡಿಂಗ್ ಅಂಗಡಿಯ ಬೆಂಚು ನನಗೆ ತೀರ ಬೇಕೆನಿಸಿತು.

ರೈಲ್ವೆ ಸ್ಟೇಶನ್ನು ಬಂತು. ಇನ್‌ಸ್ಪೆಕ್ಟರ್ ಕೂತ ಬಾಕು ಬಂತು. ಮೂರನೆಯ ಡಬ್ಬಿ, ಕಿಟಕಿ, ಕೈಗವಸು. ಇನ್‌ಸ್ಪೆಕ್ಟರ್ ತಲೆ ಎತ್ತಿದ. ನಾನು ಅಕ್ಕನ ಕಡೆ ತಿರುಗಿ, "ನೋಡಿದೇನ? ಅಪ್ಪಂದ ಖರೆ," ಎನ್ನುವಷ್ಟರಲ್ಲಿ ಇನ್‌ಸ್ಪೆಕ್ಟರ್ ಎದ್ದು ಓಡತೊಡಗಿದ.

ಓಡಿದ, ರೈಲು ಹತ್ತಿದ, ಬಡಿದಾಡಿದ. ಕೈಗವಸು ಕಳಚಿತು. ಡಾಕ್ಟರು. ಡಾಕ್ಟರು ಸುಮ್ಮನೆ ಸಿಕ್ಕಿಬೀಳಲೂ ಇಲ್ಲ. ಸಣ್ಣವನಿದ್ದಾಗ ಮಲತಾಯಿ ಕತ್ತಲೆಕೋಣೆಯಲ್ಲಿ ಕೂಡಿಹಾಕಿದ್ದು, ಕೈ ಸುಟ್ಟದ್ದು, ಅದಕ್ಕೇ ಕೈಗವಸು, ಅದಕ್ಕೇ ಕೊಲೆ, ಎಂದು ಒಂದು ಭಾಷಣವನ್ನೇ ಮಾಡಿದ. ಬೇಡಿ ಬಿತ್ತು. ಮಾಸ್ತರರು ಹೇಳಿದ್ದು ಅಕ್ಷರಶಃ ನಿಜ.

ಎಷ್ಟೋ ವರ್ಷಗಳ ವಾದದಲ್ಲಿ ನಾನು ಗೆದ್ದಿದ್ದೆ. ಗಡಿಯಾರದವನು ಸಿಕ್ಕಾಗ ಒಂದೇ ಒಂದು ಮಾತು ಆಡುತ್ತಾನೆ, ಪೊಲೀಸನ ಕೈಗಡಿಯಾರ ನೋಡಿ "ನಿಮ್ಮದು ಸ್ವಲ್ಪ ಹಿಂದಿದೆ" ಎನ್ನುತ್ತಾನೆ, ಅಷ್ಟೇ. ಬಾಯಿ ಮುಚ್ಚದ ಈ ಡಾಕ್ಟರನನ್ನು ಅವನ ಪಕ್ಕ ನಿಲ್ಲಿಸಿದರೆ ಯಾವ ತೀರ್ಪುಗಾರರೂ ಯೋಚಿಸುವ ಅಗತ್ಯವೇ ಇಲ್ಲ. ಆದರೆ ಗೆಲುವಿನ ರುಚಿ ಹತ್ತಲಿಲ್ಲ. ಅಪ್ಪನ ಕೊನೆ ಎಲ್ಲಿಂದ ಬಂತು? ಕಟ್ಟಿದ್ದೇ? ಮೂರು ಸಲ ಕನಸು ಕಂಡನೇ?

ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. "ನಡಿ, ಮೂಡಲಗಿಗೆ."

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು, ಅಪ್ಪ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ನಡೆದದ್ದನ್ನು ಹೇಳಿದೆವು. ಅವ್ವ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಬಸ್ಸ ಬಂದಿತ್ತಲ್ಲ," ಎಂದಳು.

"ಯಾವ ಬಸ್ಸ?"

"ಕಲ್ಲೋಳಿ ಬಸ್ಸ."

ಅವ್ವನ ತವರು ಕಲ್ಲೋಳಿ. ಮದುವೆಗೆ ಮೊದಲು ಅಣ್ಣಂದಿರ ಜೊತೆ ಅದೇ ವೀಡಿಯೋ ಟಾಕೀಜಿಗೆ ಬರುತ್ತಿದ್ದಳಂತೆ. ಸಂಜೆಯದೊಂದೇ ಆಟ. ಬಂದವರಲ್ಲಿ ಅರ್ಧಕ್ಕರ್ಧ ಕಲ್ಲೋಳಿ ಮತ್ತು ಆ ದಾರಿಯ ಹಳ್ಳಿಗಳವರು. ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಸಿನಿಮಾ ಮುಗಿದಿರದಿದ್ದರೆ ಅವರು ದಡದಡ ಎದ್ದು ಹೋಗುವುದು, ಉಳಿದವರು ಬೈಯುವುದು, ದಿನಾ ಇದೇ ರಂಪಾಟ. ಅದಕ್ಕೆ ಟಾಕೀಜಿನ ಮಾಲೀಕ ಒಂದು ಹಾದಿ ಹುಡುಕಿದ. ಬೆಳಗ್ಗೆ ಒಬ್ಬನೇ ಕೂತು ಟೇಪು ನೋಡಿ, ಎಲ್ಲಿ ನಿಲ್ಲಿಸಿದರೆ ಮುಗಿದಂತೆ ಕಾಣುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದ. ಸಂಜೆ ಆ ಜಾಗ ಬಂದಾಗ ಟೇಪು ತೆಗೆದು ಇನ್ನೊಂದು ಹಾಕುತ್ತಿದ್ದ. ಅದರಲ್ಲಿ ಒಂದು ಹೂವು ಅರಳುತ್ತಿತ್ತು, ಅದರ ಮೇಲೆ ಶುಭಂ.

"ನಮ್ಮೂರಾವರಿಗೆ ಎಲ್ಲಾರಿಗೂ ಗೊತ್ತಿತ್ತು," ಎಂದಳು ಅವ್ವ. "ನಮ್ಮ ಅಣ್ಣಗೋಳ ಅಂವಗ ಹೇಳಿ ಮಾಡಸ್ಕೊಂಡಿದ್ದು. ಮೂಡಲಗಿ ಊರಾನವರಿಗೆ ಗೊತ್ತಿರಲಿಲ್ಲ. ಅವರ್ಯಾಕ ಬಸ್ಸ ನೋಡ್ತಾರ?"

"ಮತ್ತ ಬೆಂಚಿನ ಮ್ಯಾಲೆ ಕುಂತ ಕಲ್ಲೋಳಿಯವರು ಯಾರೂ ಅಪ್ಪಗ ಹೇಳಲಿಲ್ಲ?"

"ಮೋಟರ್ ತಯಾರ ಆಗೋತನಾ ಯಾರ ಬಾಯಿ ಬಿಡತಾರ?"

"ನೀನಾರ ಹೇಳಬೇಕಿತ್ತಲ್ಲ ಅವ್ವಾ."

ಅವ್ವ ಶೇಂಗಾದ ಸಿಪ್ಪೆ ಕೊಡವಿದಳು. "ಮದಿವ್ಯಾದ ಹೊಸದಾಗಿ ಒಂದ ಸಲ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ಅವರು ಆ ಕಿಡಕಿ ಕೈ ಹೇಳಿದ್ರು. ಇರಲಿ ಬಿಡು ಅಂತ ಸುಮ್ಮನಾದೆ. ಚಂದ ಇತ್ತು."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೈಗೆ ಹತ್ತಿದ್ದ ವಾರ್ನಿಶನ್ನು ಬಟ್ಟೆಯಿಂದ ಒರೆಸುತ್ತ ಒಳಗೆ ಬಂದು ಕೂತ. ನನಗೆ ಅವನ ಮುಖ ನೋಡಲಾಗಲಿಲ್ಲ, ಹಾಗಾಗಿ ಮಾತಾಡಿದೆ. ಸೋಲನ್ನು ಪೂರ್ತಿ ಒಪ್ಪುವ ಅಗತ್ಯವಿಲ್ಲ, ನೀನು ನೋಡಿದ್ದನ್ನು ನೀನು ಸರಿಯಾಗಿಯೇ ಹೇಳಿದ್ದೀ, ಪ್ರಶ್ನೆಯನ್ನು ಬೇರೆ ರೀತಿ ಇಡೋಣ, ಯಾವ ಕೊನೆ ಮೂಲದ್ದು ಎನ್ನುವುದಕ್ಕಿಂತ ಯಾವುದು ಮೇಲು ಎನ್ನುವುದೇ ಮುಖ್ಯ, ಎಂದು ದಾರಿ ಹೇಳತೊಡಗಿದೆ.

"ಇದು ನಿನ್ನ ಡಿಬೇಟ್ ಅಲ್ಲವಾ," ಎಂದ ಅಪ್ಪ. "ಆ ಮನಿಶ್ಯಾ ಖರೇ ಹೇಳಿದ್ದ. ನಾ ಅಂವನ್ನ ಸುಳ್ಳಗಾರ ಮಾಡಿ ಕಳಸಿನಿ." ಅಕ್ಕನ ಕಡೆ ನೋಡಿದ. "ನಾಳೆ ಹುಕ್ಕೇರಿಗೆ ಹೋಗೂಣು. ನೀ ಬರಂಗಿಲ್ಲ, ಚಲೋ ಕಾಣಂಗಿಲ್ಲ. ಸಣ್ಣಾಕಿ ಬರಲಿ."

ಹೇಳಿ ಕಳಿಸುತ್ತೇವೆ ಎಂದವರ ಮನೆಗೆ ಹೆಣ್ಣಿನವರು ಕರೆಯದೆ ಹೋಗುವುದು ನಮ್ಮಲ್ಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು.

ಮಾಸ್ತರರು ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಕುಂಡಗಳೂ ಸಾಲಾಗಿ ನಿಂತಿದ್ದವು. ನಮ್ಮನ್ನು ನೋಡಿ ಪೈಪು ಕೆಳಗಿಟ್ಟರು, "ಬರ್ರಿ" ಎಂದರು, ಅದರಲ್ಲಿ ಬಾ ಎನ್ನುವುದು ಕಡಿಮೆ ಇತ್ತು. ಅಪ್ಪ ಕೂರಲಿಲ್ಲ.

"ಮಾಸ್ತರ್ರ, ಬೇಡಿ ಹಾಕ್ತಾನ್ರಿ," ಎಂದ. "ಕೊಲಿಗಾರ ಡಾಕ್ಟರ್ ಅನ್ನೂದೂ ಖರೆ. ನಾ ನೋಡಿದ್ದು ಕಲ್ಲೋಳಿ ಬಸ್ಸಿನ ಸಿನಿಮಾ." ಬಸ್ಸು, ಟೇಪು, ಶುಭಂ ಎಲ್ಲವನ್ನೂ ನಿಂತೇ ಹೇಳಿದ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಅಲಂಕರಿಸಲಿಲ್ಲ. ಅಪ್ಪ ಇಷ್ಟು ನೀರಸವಾಗಿ ಏನನ್ನಾದರೂ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೊನೆಗೆ, "ತಪ್ಪ ನಂದು. ಹುಡುಗೀದಲ್ಲ," ಎಂದ.

ಮಾಸ್ತರರು ಮೀಸೆ ತಿರುವಿದರು. ಒಳಬಾಗಿಲಲ್ಲಿ ಹುಡುಗ ಕಾಣಿಸಿಕೊಂಡ, ಮುಖ ಬಿಳಿಚಿತ್ತು, ನಿಜಕ್ಕೂ ತಲೆನೋವು ಬಂದವನಂತಿದ್ದ.

"ಆ ಡಾಕ್ಟರ್ ಭಾಳ ಮಾತಾಡ್ತಾನ್ರಿ," ಎಂದರು ಮಾಸ್ತರರು ಇದ್ದಕ್ಕಿದ್ದಂತೆ. "ಅವತ್ತ ಟೆಂಟಿನ್ಯಾಗೂ ನನಗ ಹಂಗ ಅನಿಸಿತ್ತು. ಸಿಕ್ಕಿದ್ದು ಚಲೋ ಆತು, ಆದ್ರ ಅಷ್ಟ ಮಾತಾಡೂ ಕೊಲಿಗಾರನ್ನ ನಾ ನಂಬಂಗಿಲ್ಲ. ಸಾಲ್ಯಾಗ ತಪ್ಪ ಮಾಡಿದ ಹುಡುಗೂರು ಹಂಗ ಮಾತಾಡಂಗಿಲ್ರಿ. ಸುಮ್ಮ ನಿಂತಿರತಾವು." ಸ್ವಲ್ಪ ತಡೆದು, "ನಿಮ್ಮಲ್ಲೆ ಹೆಂಗ ಮುಗೀತು? ಅವತ್ತ ನಾ ಪೂರ್ತಿ ಕೇಳಲಿಲ್ಲ," ಎಂದರು.

"ಕೊನಿ ಅಷ್ಟ ಹೇಳಿದ್ರ ತಿಳಿಯಂಗಿಲ್ರಿ. ಮೊದಲಿಂದ ಹೇಳಬೇಕು."

"ಮತ್ತ ಕುಂದರ್ರಿ. ನಿಂತ ಹೇಳ್ತೀರೇನ?"

ಅಪ್ಪ ಕೂತ. ಕೈಯಲ್ಲಿ ತಂತಿಯಿಲ್ಲದ್ದಕ್ಕೆ ಮೊದಮೊದಲು ತಡವರಿಸಿದ, ಆಮೇಲೆ ಬೆರಳುಗಳು ತಾವೇ ಗಾಳಿಯಲ್ಲಿ ಸುತ್ತತೊಡಗಿದವು. ಮಾಸ್ತರರ ಹೆಂಡತಿ ನೀರು ತಂದವರು ತಂಬಿಗೆ ಹಿಡಿದು ಅಲ್ಲೇ ನಿಂತರು. ಮೊದಲ ಕೊಲೆಯಾದಾಗ "ಅಯ್ಯ ಯವ್ವಾ" ಎಂದು ಕುಸಿದು ಕೂತರು. ಆಮೇಲೆ ಏನೋ ನೆನಪಾದಂತೆ ಮಗನ ಕಡೆ ತಿರುಗಿ, "ಒಳಗ ಹೇಳು, ರೊಟ್ಟಿ ಹೆಚ್ಚಿಗಿ ಬಡೀಲಿ. ಇವರ ಊಟಾ ಇಲ್ಲೇ," ಎಂದರು. ಸಂಬಂಧಕ್ಕೆ ಒಪ್ಪಿಗೆಯಾಗದ ಮನೆಯವರಿಗೆ ಚಹಾ ಕೊಡುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ. ಊಟಕ್ಕೆ ಎಲೆ ಹಾಕುವುದಿಲ್ಲ.

ನಾನು ಅಂಗಳದ ಮೂಲೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಏನಾತು?"

"ಅಪ್ಪ ಎರಡನೇ ಕೊಲಿಗೆ ಬಂದಾನ."

"ಅಂದ್ರ?"

"ಅಂದ್ರ ಸಿನಿಮಾ ಹೇಳಾಕತ್ತಾನ. ಮಾಸ್ತರ್ರು ಬಾಯಿ ತಕ್ಕೊಂಡ ಕೇಳಾಕತ್ತಾರ. ಊಟಾ ಇಲ್ಲೇ ಅಂತ ಅವರ ಮನಿಯವರು ಅಂದ್ರು."

ಆ ಕಡೆ ಔಷಧದ ಅಂಗಡಿಯಲ್ಲಿ ಯಾರೋ ಚೀಟಿ ಹಿಡಿದು "ಅಕ್ಕಾರ, ಇದ ಐತೇನ್ರಿ?" ಎಂದು ಕೇಳುತ್ತಿದ್ದುದು ಕೇಳಿಸಿತು. ಅಕ್ಕ ಅವರಿಗೆ ಉತ್ತರ ಕೊಡಲಿಲ್ಲ.

"ಒಟ್ಟ ಎಷ್ಟ ಕೊಲಿ ಅದಾವಲೇ?" ಎಂದಳು ಕೊನೆಗೆ. ನಿನ್ನೆಯಷ್ಟೇ ನನ್ನ ಜೊತೆ ಕೂತು ಸಿನಿಮಾ ನೋಡಿದವಳು, ಒಂದು ಕೊಲೆಯನ್ನೂ ಲಕ್ಷ್ಯವಿಟ್ಟು ನೋಡಿರಲಿಲ್ಲ.

"ಏಳು."

"ಅಪ್ಪಗ ಹೇಳು," ಎಂದಳು, "ಸಾವಕಾಶ ಹೇಳಂತ."